ಚಿಪ್ಪಿಲ್ಲದ ಮೊಟ್ಟೆ

ಶೃಂಗೇರಿಗೆ ಹೋದವರು ತುಂಗಾನದಿಯ ದಡದಲ್ಲಿ ಒಂದು ಕಲ್ಲಿನ ಕೆತ್ತನೆಯನ್ನು ನೋಡಿರಬಹುದು. ಹೆಡೆಯೆತ್ತಿದ ಸರ್ಪವೊಂದರ ಆಶ್ರಯದಲ್ಲಿ ಕಪ್ಪೆಯೊಂದು ಕುಳಿತಿರುವ ಚಿತ್ರ ಅದು. ಜನರು ಅದನ್ನು ‘ಕಪ್ಪೆಶಂಕರ’ವೆಂದು ಕರೆಯುತ್ತಾರೆ. ನಡುಹಗಲಿನ ಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಅದರ ಹುಟ್ಟುಹಗೆಯಾದ ಹಾವೇ ಹೆಡೆಯನ್ನು ಬಿಚ್ಚಿ ನೆರಳನ್ನು ನೀಡಿತೆಂದೂ, ಅದನ್ನು ಕಂಡ ಶಂಕರಾಚಾರ್ಯರು ಆ ಸ್ಥಳದ ಮಹಿಮೆಯನ್ನು ಅರಿತು ಅಲ್ಲಿಯೇ ಪೀಠವನ್ನು ಸ್ಥಾಪಿಸಿದರೆಂದೂ ಐತಿಹ್ಯವಿದೆ.

ಈ ಐತಿಹ್ಯವನ್ನು ಪ್ರಾಣಿವಿಜ್ಞಾನದ ಪರೀಕ್ಷೆಗೆ ಒಡ್ಡುವುದು ನಮ್ಮ ಉದ್ದೇಶವಲ್ಲ. ಬೆರಳೆಣಿಕೆಯ ಕೆಲವು ಜಾತಿಗಳನ್ನು ಬಿಟ್ಟರೆ ಕಪ್ಪೆಗಳೆಲ್ಲವೂ ಮೊಟ್ಟೆಯಿಡುವ ಪ್ರಾಣಿಗಳೇ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಆದರೆ ಕಥೆಯನ್ನು ಕಟ್ಟಿದವರು ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಿದ್ದರು. ಸಂತಾನದ ಕಾಲದಲ್ಲಿ ಕಪ್ಪೆಗೆ ಹಾವಿಗಿಂತಲೂ ದೊಡ್ಡ ಶತ್ರುವೆಂದರೆ ಬಿಸಿಲು. ಹಾವು ಒಂದು ಕಪ್ಪೆಯನ್ನು ನುಂಗಬಹುದು. ಒಂದು ದಿನದ ಒಣ ಬಿಸಿಲು ಸಾವಿರ ಮೊಟ್ಟೆಗಳನ್ನು ಸುಡಬಲ್ಲದು.

ಇದಕ್ಕೆ ಕಾರಣ ಸರಳವಾದದ್ದು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಈ ಒಂದು ಎಳೆಯನ್ನು ಹಿಡಿದು ಹೊರಟರೆ ಕಪ್ಪೆಯ ಕೂಗು, ಅದರ ಮಿಲನ, ಅದು ಕಟ್ಟುವ ಗೂಡು, ಅದು ಆರಿಸಿಕೊಳ್ಳುವ ನೆಲೆ ಇವೆಲ್ಲವೂ ಒಂದೇ ಸಮಸ್ಯೆಯ ಬೇರೆ ಬೇರೆ ಉತ್ತರಗಳೆಂಬುದು ಗೋಚರವಾಗುತ್ತದೆ. ಆ ಸಮಸ್ಯೆಯಾದರೋ ಮುಖ್ಯವಾಗಿ ಭೌತವಿಜ್ಞಾನಕ್ಕೆ ಸೇರಿದ್ದು. ಭೌತವಿಜ್ಞಾನವನ್ನು ಬೋಧಿಸುವ ನಾವು ಪ್ರಾಣಿವಿಜ್ಞಾನದ ಅಂಗಳಕ್ಕೆ ಕಾಲಿಟ್ಟಿರುವುದು ಈ ಕಾರಣದಿಂದಲೇ.

ಲೋಳೆಯೊಳಗಿನ ಲೆಕ್ಕ

ಕೋಳಿಯ ಮೊಟ್ಟೆಯನ್ನು ನೆನೆಯೋಣ. ಹೊರಗೆ ಸುಣ್ಣದ ಗಟ್ಟಿ ಚಿಪ್ಪು. ಅದರಲ್ಲಿ ಗಾಳಿಯಾಡಲು ಸಾವಿರಾರು ಸೂಕ್ಷ್ಮರಂಧ್ರಗಳು. ಒಳಗೆ ನೀರಿನ ಸಂಗ್ರಹ, ಆಹಾರದ ಭಂಡಾರ. ಬೆಳೆಯುತ್ತಿರುವ ಭ್ರೂಣಕ್ಕೆ ತನ್ನದೇ ಆದ ಪುಟ್ಟ ಕೊಳವೊಂದನ್ನು ಕೊಟ್ಟು ಅದನ್ನು ಗೋಡೆಕಟ್ಟಿ ಮುಚ್ಚಿದಂತೆ ಈ ಏರ್ಪಾಡು. ಆದ್ದರಿಂದಲೇ ಹಲ್ಲಿ, ಹಾವು, ಹಕ್ಕಿಗಳು ಒಣನೆಲದ ಮೇಲೆ ಮೊಟ್ಟೆಯಿಡಬಲ್ಲವು. ಕಪ್ಪೆಯ ಮೊಟ್ಟೆಯಲ್ಲಿ ಇಂಥ ರಕ್ಷಣೆ ಯಾವುದೂ ಇಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಮೀಟರ್ ಅಗಲದ ಗುಂಡು ಮೊಟ್ಟೆ. ಅದರ ಸುತ್ತಲೂ ಪಾರದರ್ಶಕವಾದ ಲೋಳೆ, ಅಷ್ಟೆ. ತಾಯಿಯ ದೇಹದಿಂದ ಹೊರಬೀಳುವಾಗ ಈ ಲೋಳೆ ತೆಳುವಾದ ಲೇಪದಂತಿದ್ದು, ನೀರು ಸೋಕಿದ ಕೂಡಲೆ ಅದನ್ನು ಹೀರಿ ಉಬ್ಬುತ್ತದೆ.

ಲೋಳೆ ಮೊಟ್ಟೆಗೆ ಮೆತ್ತನೆಯ ಹಾಸಿಗೆ. ಸಣ್ಣಪುಟ್ಟ ಶತ್ರುಗಳಿಗೆ ಜಾರುವ ಗೋಡೆ. ಆದರೆ ಅದೇ ಲೋಳೆ ಒಂದು ತೊಡಕನ್ನೂ ತರುತ್ತದೆ. ಒಳಗಿನ ಭ್ರೂಣ ಉಸಿರಾಡಬೇಕು. ಅದಕ್ಕೆ ಬೇಕಾದ ಆಮ್ಲಜನಕ ಲೋಳೆಯನ್ನು ದಾಟಿ ಬರಬೇಕು. ಕಿವಿರಾಗಲಿ ಶ್ವಾಸಕೋಶವಾಗಲಿ ಇನ್ನೂ ಮೂಡದಿರುವಾಗ ಅದು ಒಳಬರುವ ಮಾರ್ಗ ಒಂದೇ, ವಿಸರಣ. ಒಂದು ಲೋಟ ನೀರಿಗೆ ಒಂದು ತೊಟ್ಟು ಶಾಯಿಯನ್ನು ಬಿಟ್ಟರೆ ಯಾರೂ ಕದಡದಿದ್ದರೂ ಅದು ತಾನೇ ಹರಡುವುದಷ್ಟೆ? ಅಣುಗಳ ಗೊತ್ತುಗುರಿಯಿಲ್ಲದ ಓಡಾಟದಿಂದ ಆಗುವ ಈ ಹರಡುವಿಕೆಗೆ ವಿಸರಣವೆಂದು ಹೆಸರು.

ವಿಸರಣಕ್ಕೆ ಒಂದು ಕಟ್ಟುನಿಟ್ಟಾದ ನಿಯಮವುಂಟು. ದೂರ ಎರಡರಷ್ಟಾದರೆ ಹಿಡಿಯುವ ಕಾಲ ನಾಲ್ಕರಷ್ಟಾಗುತ್ತದೆ. ದೂರ ಹತ್ತರಷ್ಟಾದರೆ ಕಾಲ ನೂರರಷ್ಟು. ನೀರಿನಲ್ಲಿ ಆಮ್ಲಜನಕದ ಅಣುವೊಂದು ಒಂದು ಮಿಲಿಮೀಟರ್ ದೂರವನ್ನು ಹೀಗೆ ಕ್ರಮಿಸಲು ಸುಮಾರು 4 ನಿಮಿಷಗಳು ಬೇಕು. ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ. ಹತ್ತು ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ತಿಂಗಳು! ಗಾಳಿಯಲ್ಲಾದರೆ ಇದೇ ವಿಸರಣ ನೀರಿನಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಚುರುಕು. ಇದಲ್ಲದೆ ನೀರಿನಲ್ಲಿ ಆಮ್ಲಜನಕ ಕರಗಿರುವುದೇ ಬಲು ಸ್ವಲ್ಪ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರ್ ಗಾಳಿಯಲ್ಲಿರುವ ಆಮ್ಲಜನಕದ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ ಒಂದು ಲೀಟರ್ ನೀರಿನಲ್ಲಿರುತ್ತದೆ. ನೀರು ಬಿಸಿಯಾದಷ್ಟೂ ಈ ಪಾಲು ಇನ್ನೂ ತಗ್ಗುತ್ತದೆ.

ಈಗ ಸಮಸ್ಯೆ ಸ್ಪಷ್ಟವಾಯಿತು. ಮೊಟ್ಟೆ ಒಣಗಬಾರದು, ಆದ್ದರಿಂದ ನೀರು ಬೇಕು. ಮೊಟ್ಟೆ ಉಸಿರುಗಟ್ಟಬಾರದು, ಆದ್ದರಿಂದ ನೀರು ಹೆಚ್ಚಾಗಬಾರದು. ಇವೆರಡರ ನಡುವಿನ ಕಿರಿದಾದ ಹಾದಿಯಲ್ಲಿ ಕಪ್ಪೆಯ ವಂಶ ನಡೆಯಬೇಕು. ಕಪ್ಪೆಯ ಮೊಟ್ಟೆ ಕೋಳಿಮೊಟ್ಟೆಯ ಗಾತ್ರಕ್ಕೆ ಏಕೆ ಬೆಳೆದಿಲ್ಲವೆಂಬುದಕ್ಕೂ ಈ ಲೆಕ್ಕದಲ್ಲಿ ಉತ್ತರವಿದೆ. ಅಷ್ಟು ದೊಡ್ಡ ಲೋಳೆಯುಂಡೆಯ ನಡುವಿನಲ್ಲಿರುವ ಭ್ರೂಣಕ್ಕೆ ಆಮ್ಲಜನಕ ಸಕಾಲದಲ್ಲಿ ತಲಪುವಂತಿಲ್ಲ.

ಮೊಟ್ಟೆಯ ಇನ್ನೊಂದು ಸೋಜಿಗವನ್ನೂ ಇಲ್ಲಿಯೇ ಹೇಳಿಬಿಡಬಹುದು. ಕೊಳದ ನೀರಿನಲ್ಲಿ ಇಟ್ಟ ಮೊಟ್ಟೆಯ ಅರ್ಧ ಕಪ್ಪು, ಇನ್ನರ್ಧ ಬಿಳುಪು. ಬಿಳಿಯ ಭಾಗದಲ್ಲಿ ಆಹಾರದ ಭಂಡಾರವಿರುವುದರಿಂದ ಅದು ಭಾರವಾದದ್ದು. ವೀರ್ಯಾಣುವಿನೊಡನೆ ಕೂಡಿದ ಮೇಲೆ ಮೊಟ್ಟೆ ತನ್ನ ಹೊದಿಕೆಯೊಳಗೆ ಉರುಳಿ, ಗುರುತ್ವದ ಎಳೆತಕ್ಕೆ ಒಳಗಾಗಿ ಬಿಳಿಯ ಭಾಗ ಕೆಳಗೂ ಕಪ್ಪು ಭಾಗ ಮೇಲಕ್ಕೂ ಬರುವಂತೆ ನಿಲ್ಲುತ್ತದೆ. ಕಪ್ಪು ಬಣ್ಣ ಸೂರ್ಯನ ನೇರಳಾತೀತ ಕಿರಣಗಳಿಂದ ರಕ್ಷಣೆ ನೀಡುತ್ತದೆ. ಮೇಲಿನಿಂದ ನೋಡುವ ಶತ್ರುವಿಗೆ ಕೊಳದ ಕಪ್ಪು ತಳದ ಎದುರಿನಲ್ಲಿ ಮೊಟ್ಟೆ ಕಾಣದಂತೆ ಮಾಡುತ್ತದೆ.

ಮಳೆಗಾಲದ ಮೇಳ

ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಕಪ್ಪೆ ಕೂಗಿದರೆ ಮಳೆ ಬರುವುದೆಂದು ನಂಬಿಕೆ. ವಸ್ತುಸ್ಥಿತಿ ಇದಕ್ಕೆ ತಿರುಗುಮುರುಗು. ಮಳೆ ಬಂದುದರಿಂದ, ಇಲ್ಲವೆ ಗಾಳಿಯಲ್ಲಿ ತೇವ ಏರಿದುದರಿಂದ, ಕಪ್ಪೆ ಕೂಗುತ್ತದೆ. ಕೂಗುವುದು ಸಾಮಾನ್ಯವಾಗಿ ಗಂಡು. ಶ್ವಾಸಕೋಶದ ಗಾಳಿಯನ್ನು ಗಂಟಲಿನ ಮೂಲಕ ಹೊರಡಿಸಿ ಧ್ವನಿಚೀಲವನ್ನು ಉಬ್ಬಿಸಿದಾಗ ಆ ಸದ್ದು ಬಹುದೂರ ಕೇಳಿಸುವುದು. ಪ್ರತಿಯೊಂದು ಜಾತಿಗೂ ತನ್ನದೇ ಆದ ಕೂಗು ಇದೆ. ನಮ್ಮ ಕಿವಿಗೆ ಗದ್ದಲವಾಗಿ ಕೇಳುವ ಮೇಳದಲ್ಲಿ ಹೆಣ್ಣು ತನ್ನ ಜಾತಿಯ ಗಂಡಿನ ದನಿಯನ್ನು ತಪ್ಪದೆ ಗುರುತಿಸುತ್ತದೆ.

ಬಯಲುಸೀಮೆಯ ಕೆರೆಕುಂಟೆಗಳಲ್ಲಿ ಕಾಣುವ ದೊಡ್ಡ ಗೂಳಿಕಪ್ಪೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಳಿದ ಕಾಲದಲ್ಲಿ ಹಸುರು ಇಲ್ಲವೆ ಕಂದು ಬಣ್ಣವನ್ನು ತಾಳಿ ಕೆಸರಿನಲ್ಲಿ ಅಡಗಿರುವ ಗಂಡು, ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲಿನ ಎರಡು ಕಡೆಗಳಲ್ಲೂ ನೀಲಿಯ ಧ್ವನಿಚೀಲಗಳು ಉಬ್ಬುತ್ತವೆ. ಗಂಡು ಹೆಣ್ಣಿನ ಬೆನ್ನನ್ನೇರಿ ಮುಂಗಾಲುಗಳಿಂದ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹೆಣ್ಣು ಮೊಟ್ಟೆಗಳನ್ನು ನೀರಿಗೆ ಬಿಡುತ್ತಿರುವಂತೆಯೇ ಗಂಡು ಅವುಗಳ ಮೇಲೆ ವೀರ್ಯವನ್ನು ಬಿಡುತ್ತದೆ. ವೀರ್ಯಾಣುವೂ ಅಂಡವೂ ಕೂಡುವ ಕ್ರಿಯೆಗೆ ನಿಷೇಚನವೆಂದು ಹೆಸರು. ಕಪ್ಪೆಗಳಲ್ಲಿ ಸಾಮಾನ್ಯವಾಗಿ ಇದು ತಾಯಿಯ ದೇಹದ ಹೊರಗೇ ನಡೆಯುತ್ತದೆ.

ಈ ಸಂಗತಿಯನ್ನು ಪ್ರಯೋಗದಿಂದ ಸ್ಥಾಪಿಸಿದವರು 18ನೆಯ ಶತಮಾನದ ಇಟಲಿಯ ವಿಜ್ಞಾನಿ ಸ್ಪಲಾಂಜಾನಿ. ಅವರು ಅನುಸರಿಸಿದ ಮಾರ್ಗ ನಗೆ ತರಿಸುವಂಥದು. ಗಂಡುಕಪ್ಪೆಗಳಿಗೆ ಬಿಗಿಯಾದ ಬಟ್ಟೆಯ ಚಡ್ಡಿಗಳನ್ನು ತೊಡಿಸಿ ಅವರು ಹೆಣ್ಣುಗಳೊಡನೆ ಬಿಟ್ಟರು. ಗಂಡುಗಳು ಎಂದಿನಂತೆ ಹೆಣ್ಣುಗಳನ್ನು ಅಪ್ಪಿಕೊಂಡವು, ಹೆಣ್ಣುಗಳು ಮೊಟ್ಟೆಯಿಟ್ಟವು, ಆದರೆ ಒಂದು ಮೊಟ್ಟೆಯೂ ಬೆಳೆಯಲಿಲ್ಲ. ಚಡ್ಡಿಯಲ್ಲಿ ಉಳಿದಿದ್ದ ದ್ರವವನ್ನು ತೆಗೆದು ಬೇರೆ ಮೊಟ್ಟೆಗಳಿಗೆ ಸೋಕಿಸಿದಾಗ ಅವು ಬೆಳೆದುವು. ಒಂದೇ ಒಂದು ಅಂಶವನ್ನು ಬದಲಿಸಿ ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ಪರೀಕ್ಷಿಸುವ ಪದ್ಧತಿಗೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗುವುದು ಕಷ್ಟ.

ಮೊಟ್ಟೆಗಳನ್ನು ನೀರಿನಲ್ಲಿ ಹರಡುವ ರೀತಿಯಲ್ಲಿಯೂ ವಿಸರಣದ ನಿಯಮ ಕಾಣಿಸುತ್ತದೆ. ನಮ್ಮ ಅಂಗಳಗಳಿಗೆ ಬರುವ ನೆಲಗಪ್ಪೆ ಸಾವಿರಾರು ಮೊಟ್ಟೆಗಳನ್ನು ಉದ್ದನೆಯ ಲೋಳೆಯ ಎಳೆಗಳಲ್ಲಿ, ಮಣಿಗಳನ್ನು ಪೋಣಿಸಿದಂತೆ ಇಡುತ್ತದೆ. ಎಳೆ ತೆಳುವಾಗಿರುವುದರಿಂದ ಪ್ರತಿಯೊಂದು ಮೊಟ್ಟೆಯೂ ನೀರಿಗೆ ಹತ್ತಿರ. ಪುಟ್ಟ ಕಿರುಬಾಯಿ ಕಪ್ಪೆಗಳು ನೀರಿನ ಮೇಲ್ಮೈಯಲ್ಲಿ ಒಂದೇ ಪದರದ ಹಾಳೆಯಂತೆ ತೇಲುವ ಮೊಟ್ಟೆಗಳನ್ನು ಇಡುತ್ತವೆ. ಬಿಸಿಯೇರುವ ನಿಂತ ನೀರಿನಲ್ಲಿ ಆಮ್ಲಜನಕ ಹೆಚ್ಚಾಗಿ ದೊರೆಯುವುದು ಗಾಳಿ ಸೋಕುವ ಮೇಲ್ಮೈಯಲ್ಲಿಯೇ ಅಲ್ಲವೆ?

ಕಾಲದೊಡನೆ ಓಟ

ಮೊಟ್ಟೆಯೊಡೆದು ಹೊರಬರುವ ಗೊದಮೊಟ್ಟೆ ಎಲ್ಲ ವಿಧದಲ್ಲೂ ಮೀನಿನಂತೆ ಬಾಳುವ ಪ್ರಾಣಿ. ಉಸಿರಾಟ ಕಿವಿರಿನಿಂದ, ಚಲನೆ ಬಾಲದಿಂದ. ಹೆಚ್ಚಿನವು ಪಾಚಿಯನ್ನು ಹೆರೆದು ತಿನ್ನುತ್ತವೆ; ಗೂಳಿಕಪ್ಪೆಯ ಗೊದಮೊಟ್ಟೆಗಳು ಮಾತ್ರ ಇತರ ಗೊದಮೊಟ್ಟೆಗಳನ್ನೇ ಹಿಡಿದು ತಿನ್ನುವ ಮಾಂಸಾಹಾರಿಗಳು. ಮಳೆನೀರಿನ ಹೊಂಡ ಆಳವಿಲ್ಲದ್ದು, ಬೇಗ ಬತ್ತುವಂಥದು. ಮೀನುಗಳಿಲ್ಲದಿರುವುದು ಅದರ ಲಾಭ. ಬತ್ತಿಹೋಗುವುದು ಅದರ ಅಪಾಯ. ಹೊಂಡ ಒಣಗುವ ಮೊದಲು ಗೊದಮೊಟ್ಟೆ ಕಪ್ಪೆಯಾಗಬೇಕು.

ಈ ರೂಪಾಂತರದಲ್ಲಿ ದೇಹದ ಬಹುತೇಕ ಅಂಗಗಳು ಹೊಸದಾಗುತ್ತವೆ. ಹಿಂಗಾಲುಗಳು ಮೊದಲು ಮೂಡುವುವು, ಮುಂಗಾಲುಗಳು ಅನಂತರ. ಕಿವಿರುಗಳು ಕರಗಿ ಶ್ವಾಸಕೋಶಗಳು ಕೆಲಸಕ್ಕೆ ತೊಡಗುತ್ತವೆ. ಸಸ್ಯಾಹಾರಕ್ಕೆ ತಕ್ಕಂತೆ ಸುರುಳಿಸುತ್ತಿದ್ದ ಉದ್ದನೆಯ ಕರುಳು ಮೊಟಕಾಗಿ ಮಾಂಸಾಹಾರಕ್ಕೆ ಸಿದ್ಧವಾಗುತ್ತದೆ. ಬಾಲ ಕತ್ತರಿಸಿ ಬೀಳುವುದಿಲ್ಲ. ದೇಹವೇ ಅದನ್ನು ಕರಗಿಸಿ ಹೀರಿಕೊಂಡು ಆಹಾರವಾಗಿ ಬಳಸುತ್ತದೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಇತರ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಕಾಲಕ್ಕೆ ಮೊದಲೇ ರೂಪಾಂತರ ಹೊಂದಿ ಅತಿ ಚಿಕ್ಕ ಕಪ್ಪೆಗಳಾದುವು. ಈ ಗ್ರಂಥಿಯ ಸ್ರಾವವೇ ಬದಲಾವಣೆಯ ಕೀಲಿಕೈ ಎಂಬುದು ಹೀಗೆ ತಿಳಿಯಬಂತು.

ಬಯಲಿನ ಕಪ್ಪೆ ನಂಬಿರುವುದು ಸಂಖ್ಯೆಯನ್ನು. ಸಾವಿರ ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಉಳಿದರೆ ಕೆಲವು ಉಳಿಯುತ್ತವೆ. ಆದರೆ ಪಶ್ಚಿಮಘಟ್ಟಗಳ ಕಾಡನ್ನು ಹೊಕ್ಕರೆ ಬೇರೆ ಬೇರೆ ಹಾದಿಗಳನ್ನು ಹಿಡಿದ ಕಪ್ಪೆಗಳನ್ನು ಕಾಣುತ್ತೇವೆ. ಅಲ್ಲಿ ಮಳೆ ಧಾರಾಳ, ನೆರಳು ದಟ್ಟ, ಗಾಳಿಯಲ್ಲಿ ತೇವ ಸದಾ ಇದ್ದೇ ಇರುತ್ತದೆ. ಇಂಥ ಕಡೆ ಮೊಟ್ಟೆಯನ್ನು ನೀರಿನಿಂದ ಹೊರಕ್ಕೆ ತರಬಹುದು. ತಂದರೆ ಮೀನು, ಏಡಿಗಳ ಬಾಯಿಂದಲೂ ಪಾರಾಗಬಹುದು, ಗಾಳಿಯ ಆಮ್ಲಜನಕವೂ ಕೈಗೆಟುಕುತ್ತದೆ.

ನೊರೆಯ ಗೂಡು, ಎಲೆಯ ತೊಟ್ಟಿಲು

ಮಲೆನಾಡಿನಲ್ಲಿ ಮಳೆಗಾಲದ ಕೆರೆಗಳ ಮೇಲೆ ಬಾಗಿದ ಕೊಂಬೆಗಳಲ್ಲಿ ಮುಷ್ಟಿಗಾತ್ರದ ಬಿಳಿಯ ನೊರೆಯ ಉಂಡೆಗಳು ತೂಗಾಡುತ್ತಿರುವುದನ್ನು ಅನೇಕರು ಕಂಡಿರಬೇಕು. ಇವು ಮರಗಪ್ಪೆಗಳ ಗೂಡುಗಳು. ಕಾಲ್ಬೆರಳುಗಳ ನಡುವಿನ ಕೆಂಪು ಪೊರೆಯನ್ನು ಹರಡಿ ಮರದಿಂದ ಮರಕ್ಕೆ ತೇಲಿಹೋಗುವ ಮಲಬಾರಿನ ಹಾರುವ ಕಪ್ಪೆ ಇಂಥ ಗೂಡನ್ನು ಕಟ್ಟುವುದರಲ್ಲಿ ಪ್ರಸಿದ್ಧ. ಹೆಣ್ಣು ಮೊಟ್ಟೆಗಳ ಜೊತೆಯಲ್ಲಿ ಒಂದು ದ್ರವವನ್ನು ಹೊರಸೂಸಿ, ಮಜ್ಜಿಗೆ ಕಡೆಯುವಂತೆ ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸುತ್ತದೆ. ಮನೆಯ ನೀರಿನ ತೊಟ್ಟಿಗಳ ಬಳಿ ಸುಳಿಯುವ ಸಾಮಾನ್ಯ ಮರಗಪ್ಪೆಯೂ ಹೀಗೆಯೇ ಮಾಡುತ್ತದೆ.

ನೊರೆ ಏಕೆ? ಸಾಬೂನಿನ ನೊರೆ ಕೆಲವು ನಿಮಿಷಗಳಲ್ಲಿ ಒಡೆಯುತ್ತದೆ. ಕಪ್ಪೆಯ ನೊರೆ ಹಲವು ದಿನಗಳು ನಿಲ್ಲುತ್ತದೆ. ದ್ರವದಲ್ಲಿರುವ ಪ್ರೋಟೀನುಗಳು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಗುಳ್ಳೆಗಳನ್ನು ಭದ್ರಗೊಳಿಸುವುದೇ ಇದಕ್ಕೆ ಕಾರಣ. ನೊರೆಯೆಂದರೆ ತೇವವೂ ಗಾಳಿಯೂ ಒಟ್ಟಿಗೆ ಸೇರಿದ ವಸ್ತು. ಮೊಟ್ಟೆ ಒಣಗುವುದೂ ಇಲ್ಲ, ಉಸಿರುಗಟ್ಟುವುದೂ ಇಲ್ಲ. ನಾವು ಮೊದಲು ಹಾಕಿದ ಲೆಕ್ಕಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರವನ್ನು ಊಹಿಸುವುದು ಕಷ್ಟ. ಹೊರಪದರ ಕ್ರಮೇಣ ಒಣಗಿ ಹಪ್ಪಳದಂತಾಗಿ ಒಳಗಿನ ತೇವವನ್ನು ಕಾಪಾಡುತ್ತದೆ. ಕೆಲವು ದಿನಗಳಾದ ಮೇಲೆ ಗೂಡು ಕರಗಿ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ತೊಟ್ಟಿಕ್ಕುತ್ತವೆ. ನೊರೆಯ ಮರೆಯಲ್ಲಿರುವ ಈ ಮೊಟ್ಟೆಗಳಿಗೆ ಕಪ್ಪು ಬಣ್ಣವಿಲ್ಲ, ಅವು ಬೆಳ್ಳಗಿರುತ್ತವೆ. ಬಿಸಿಲಿಗೂ ನೋಟಕ್ಕೂ ಸಿಕ್ಕದ ಮೊಟ್ಟೆಗೆ ಕೊಡೆ ಏಕೆ?

ಕೊಡಗಿನ ಕಡೆಯ ಇನ್ನೊಂದು ಪುಟ್ಟ ಮರಗಪ್ಪೆ ನೀರಿನ ಮೇಲೆ ಚಾಚಿದ ಎಲೆಯ ಮೇಲೆ ಮೊಟ್ಟೆಯಿಟ್ಟು, ಅದರ ಎರಡು ಅಂಚುಗಳನ್ನೂ ಕಾಲುಗಳಿಂದ ಎಳೆದು ಅಂಟಿಸಿ, ನಾವು ಎಲೆಯಡಕೆಯನ್ನು ಮಡಿಸುವಂತೆ ಮಡಿಸಿಬಿಡುತ್ತದೆ. ಎಲೆಯೇ ಇಲ್ಲಿ ಚಿಪ್ಪು.

ಹೊಳೆಯ ಬದಿಯ ಕುಂಬಾರ

ಹರಿಯುವ ಹೊಳೆಯಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಆದರೆ ಮೊಟ್ಟೆಗಳು ಕೊಚ್ಚಿಹೋಗುವ ಭಯವುಂಟು. ನೀರಿನ ಭೋರ್ಗರೆತದಲ್ಲಿ ಕೂಗೂ ಅಡಗಿಹೋಗುತ್ತದೆ. ಘಟ್ಟದ ತೊರೆಗಳಲ್ಲಿರುವ ಕುಣಿಯುವ ಕಪ್ಪೆಗಳಲ್ಲಿ ಗಂಡು, ಬಂಡೆಯ ಮೇಲೆ ಕುಳಿತು ಕೂಗುವುದರೊಂದಿಗೆ ಹಿಂಗಾಲನ್ನು ಚಾಚಿ ಬಾವುಟದಂತೆ ಬೀಸುತ್ತದೆ. ಧ್ವನಿ ಸೋತಲ್ಲಿ ಬೆಳಕಿನಿಂದ ಸಂದೇಶ! ಮಿಲನವಾದ ಮೇಲೆ ಹೆಣ್ಣು ಹಿಂಗಾಲುಗಳಿಂದ ತೊರೆಯ ತಳದ ಜಲ್ಲಿಯನ್ನು ತೋಡಿ ಮೊಟ್ಟೆಗಳನ್ನು ಹೂಳುತ್ತದೆ. ಇವುಗಳಲ್ಲಿ ಒಂದು ಜಾತಿಗೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಬಂದಿದೆ.

ಉತ್ತರಕನ್ನಡ ಜಿಲ್ಲೆಯ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳೆಂದು ಕರೆಯಲ್ಪಡುವ ಜೌಗು ಕಾಡುಗಳಿವೆ. ಅಲ್ಲಿನ ತೊರೆಗಳ ಬದಿಯಲ್ಲಿ ವಾಸಿಸುವ ಒಂದು ಇರುಳುಗಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ಅದರ ವೈಜ್ಞಾನಿಕ ನಾಮ ‘ನಿಕ್ಟಿಬ್ಯಾಟ್ರಕಸ್ ಕುಂಬಾರ’. ಲ್ಯಾಟಿನ್, ಗ್ರೀಕ್ ಪದಗಳೇ ತುಂಬಿರುವ ಪ್ರಾಣಿಗಳ ನಾಮಾವಳಿಯಲ್ಲಿ ಈ ಅಚ್ಚಗನ್ನಡದ ಮಾತು ಸೇರಿರುವುದು ಸಕಾರಣವಾಗಿಯೇ. ಇದರ ಹೆಣ್ಣು ನೀರಿನ ಮೇಲಿರುವ ಕಡ್ಡಿಗೆ ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಂತು ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಗುತ್ತದೆ. ಗಂಡು ಮಾತ್ರ ಅಲ್ಲಿಯೇ ನಿಂತು, ಹೊಳೆಯ ತಳದಿಂದ ಮುಂಗಾಲುಗಳಲ್ಲಿ ಕೆಸರನ್ನು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಣ್ಣಿನ ಈ ಲೇಪ ಮೊಟ್ಟೆಗಳನ್ನು ಒಣಗದಂತೆ ಕಾಪಾಡುವುದಲ್ಲದೆ ಶತ್ರುಗಳ ಕಣ್ಣಿಗೆ ಬೀಳದಂತೆಯೂ ಮಾಡುವುದೆಂದು ವಿಜ್ಞಾನಿಗಳ ಊಹೆ. ಪ್ರಕೃತಿ ಕೊಡದ ಚಿಪ್ಪನ್ನು ಈ ತಂದೆ ತನ್ನ ಕೈಯಾರೆ ಮಾಡಿ ಹಚ್ಚುತ್ತದೆ.

ಇದೇ ಕುಲದ ಮುಂಬಯಿ ಇರುಳುಗಪ್ಪೆಯಲ್ಲಿ ಗಂಡು ಹೆಣ್ಣನ್ನು ಅಪ್ಪಿಕೊಳ್ಳುವುದೇ ಇಲ್ಲವೆಂದು 2016ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ತೋರಿಸಿದರು. ಗಂಡು ಹೆಣ್ಣಿನ ಮೇಲೆ ಕುಳಿತರೂ ಕೈಗಳನ್ನು ಎಲೆಯ ಮೇಲೆ ಊರಿರುತ್ತದೆ; ವೀರ್ಯವನ್ನು ಅದರ ಬೆನ್ನಿನ ಮೇಲೆ ಬಿಟ್ಟು ದೂರ ಸರಿದ ಬಳಿಕ ಹೆಣ್ಣು ಮೊಟ್ಟೆಯಿಡುತ್ತದೆ. ಬೆನ್ನಿನಿಂದ ಇಳಿದುಬರುವ ದ್ರವ ಮೊಟ್ಟೆಗಳನ್ನು ಸೇರುತ್ತದೆ.

ಕೇರಳದ ಇಡುಕ್ಕಿಯ ಕಡೆ ದೊರೆತು 2003ರಲ್ಲಿ ಲೋಕಕ್ಕೆ ಪರಿಚಿತವಾದ ನೇರಳೆ ಬಣ್ಣದ, ಮೊನಚು ಮೂತಿಯ ಕಪ್ಪೆಯ ಬಾಳು ಇನ್ನೂ ವಿಚಿತ್ರ. ಅದು ವರ್ಷದ ಹೆಚ್ಚು ಕಾಲ ನೆಲದೊಳಗೆ ಗೆದ್ದಲು ತಿಂದು ಬದುಕುತ್ತದೆ. ಮುಂಗಾರಿಗೆ ಮುಂಚಿನ ಮಳೆಗಳಲ್ಲಿ ಮಾತ್ರ ಹೊರಬಂದು ತೊರೆಯ ಬಂಡೆಗಳ ನಡುವಣ ಹೊಂಡಗಳಲ್ಲಿ ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಹೀರುವ ಬಾಯಿಯಿಂದ ಬಂಡೆಗಳಿಗೆ ಅಂಟಿಕೊಂಡು ರಭಸದ ನೀರಿನಲ್ಲಿಯೂ ನಿಲ್ಲಬಲ್ಲವು. ಇದರ ಹತ್ತಿರದ ಬಂಧುಗಳಿರುವುದು ಹಿಂದೂಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ. ಎರಡೂ ಭೂಭಾಗಗಳು ಒಂದಾಗಿದ್ದ ಕಾಲದ ಸಾಕ್ಷಿ ಈ ಕಪ್ಪೆ.

ಗೊದಮೊಟ್ಟೆಯಿಲ್ಲದ ಕಪ್ಪೆ

ಕೊನೆಯದಾಗಿ, ನೀರಿನ ಹಂಗನ್ನು ಹೆಚ್ಚುಕಡಿಮೆ ತೊರೆದಿರುವ ಪೊದೆಗಪ್ಪೆಗಳು. ಇವು ಎಲೆಗಳ ಮೇಲೋ ತರಗೆಲೆಯ ಅಡಿಯಲ್ಲೋ ಕೆಲವೇ ಮೊಟ್ಟೆಗಳನ್ನು ಇಡುತ್ತವೆ. ಮೊಟ್ಟೆಯಲ್ಲಿ ಆಹಾರದ ಭಂಡಾರ ಹೆಚ್ಚು. ಗೊದಮೊಟ್ಟೆಯ ಅವಸ್ಥೆಯೆಲ್ಲ ಅದರೊಳಗೇ ಕಳೆದುಹೋಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಈಜುವ ಕೊಳ ಬೇಡ. ತೇವವಾದ ಗಾಳಿ ಸಾಕು.

ಈ ಗುಂಪಿನ ಒಂದು ಕಪ್ಪೆಯನ್ನು 1876ರಲ್ಲಿ ವರ್ಣಿಸಿದ ಬಳಿಕ ನೂರು ವರ್ಷಗಳಿಗೂ ಹೆಚ್ಚು ಕಾಲ ಯಾರೂ ಕಂಡಿರಲಿಲ್ಲ. ಈ ಶತಮಾನದಲ್ಲಿ ಮತ್ತೆ ಸಿಕ್ಕಿದ ಅದರ ಜೀವನವನ್ನು ಕೆ. ಎಸ್. ಶೇಷಾದ್ರಿಯವರು ತಮಿಳುನಾಡಿನ ಕಾಡುಗಳಲ್ಲಿ ಅಭ್ಯಾಸಮಾಡಿದರು. ಮೂರು ಸೆಂಟಿಮೀಟರಿಗೂ ಚಿಕ್ಕದಾದ ಗಂಡು, ವಾಟೆಯ ಎರಡು ಗೆಣ್ಣುಗಳ ನಡುವಣ ಟೊಳ್ಳಿಗೆ ಕಿರಿದಾದ ಸೀಳಿನ ಮೂಲಕ ಹೊಕ್ಕು, ಒಳಗಿನಿಂದಲೇ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಗಂಡಿನದು. ಪ್ರಯೋಗಕ್ಕಾಗಿ ಈ ಕಾವಲನ್ನು ತೆಗೆದಾಗ ಮೊಟ್ಟೆಗಳು ಉಳಿಯುವುದು ಬಹಳ ಕಡಿಮೆಯಾಯಿತು. ಅವನ್ನು ತಿಂದವರಲ್ಲಿ ಅದೇ ಜಾತಿಯ ಬೇರೆ ಗಂಡುಗಳೂ ಇದ್ದುವು. ಸಾವಿರ ಮೊಟ್ಟೆಗಳ ಬದಲು ಬೆರಳೆಣಿಕೆಯ ಮೊಟ್ಟೆಗಳು, ಅವಕ್ಕೊಬ್ಬ ಕಾವಲುಗಾರ: ಇದು ಈ ಕಪ್ಪೆಯ ಲೆಕ್ಕಾಚಾರ.

ಪೊದೆಗಪ್ಪೆಗಳ ಈ ಕುಲಕ್ಕೆ 2010ರಲ್ಲಿ ‘ರಾವೋರ್ಕೆಸ್ಟಿಸ್’ ಎಂದು ನಾಮಕರಣವಾಯಿತು. ಅದರಲ್ಲಿ ಅಡಗಿರುವುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರ ಹೆಸರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದವರು ಅವರು; ಮೇಲೆ ಹೇಳಿದ ಕೊಟ್ಟಿಗೆಹಾರದ ಕಪ್ಪೆ ಅವುಗಳಲ್ಲೊಂದು. ಹೊಸ ಹೆಸರು ಪ್ರಕಟವಾದ ‘ಕರೆಂಟ್ ಸೈನ್ಸ್’ ಪತ್ರಿಕೆಗೆ 1932ರಲ್ಲಿ ಮೊದಲ ಸಂಪಾದಕರಾಗಿದ್ದವರೂ ಅವರೇ. ದುರದೃಷ್ಟವಶಾತ್ ರಾಯರು ವರ್ಣಿಸಿದ ಕಪ್ಪೆಗಳ ಮೂಲ ಮಾದರಿಗಳು ಇಂದು ಉಳಿದಿಲ್ಲ. ಅವರು ಕಂಡ ಜಾತಿಗಳನ್ನು ನಿಶ್ಚಯಿಸಬೇಕಾದರೆ ಅವರು ನಡೆದ ತೊರೆಗಳಿಗೇ ಮತ್ತೆ ಹೋಗಬೇಕು. ಗಾಜಿನ ಸೀಸೆಯಲ್ಲಿದ್ದುದು ಕಳೆದುಹೋದರೂ ಕಾಡಿನಲ್ಲಿ ಉಳಿದಿದ್ದರೆ ಮತ್ತೆ ದೊರಕೀತು. ಕಾಡಿನಲ್ಲಿಯೇ ಕಳೆದುಹೋದರೆ?

ಬೆತ್ತಲೆ ಮೊಟ್ಟೆಯ ಅಪಾಯ

ಈ ಪ್ರಶ್ನೆ ಬರಿಯ ಅಲಂಕಾರದ ಮಾತಲ್ಲ. ಲೋಕದಲ್ಲಿ 7,000ಕ್ಕೂ ಹೆಚ್ಚು ಜಾತಿಯ ಕಪ್ಪೆಗಳಿವೆ. ಅವು ಸಂತಾನವನ್ನು ಬೆಳೆಸುವ ಕ್ರಮಗಳಲ್ಲಿ 39 ವಿಧಗಳನ್ನು ಬ್ರೆಜಿಲಿನ ಇಬ್ಬರು ವಿಜ್ಞಾನಿಗಳು 2005ರಲ್ಲಿ ಪಟ್ಟಿಮಾಡಿದರು. ಆ ಪಟ್ಟಿ ಅನಂತರವೂ ಬೆಳೆದಿದೆ. ಆದರೆ 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ 8,011 ಜಾತಿಯ ಉಭಯಚರಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು 41ರಷ್ಟು ಜಾತಿಗಳು ಅಳಿವಿನ ಭೀತಿಯಲ್ಲಿವೆಯೆಂದು ಕಂಡುಕೊಂಡಿತು. ಕಶೇರುಕಗಳಲ್ಲಿ ಇಷ್ಟು ಸಂಕಟದಲ್ಲಿರುವ ವರ್ಗ ಇನ್ನೊಂದಿಲ್ಲ.

ಕಾರಣವನ್ನು ಹುಡುಕಿದರೆ ನಾವು ಮತ್ತೆ ಆ ಚಿಪ್ಪಿಲ್ಲದ ಮೊಟ್ಟೆಗೇ ಬರುತ್ತೇವೆ. ಆಮ್ಲಜನಕವನ್ನು ಒಳಬಿಡುವ ಲೋಳೆ ನೀರಿನಲ್ಲಿ ಕರಗಿದ ವಿಷವನ್ನು ತಡೆಯಲಾರದು. ಗದ್ದೆ ತೋಟಗಳಿಂದ ಹರಿದುಬರುವ ಕೀಟನಾಶಕ ಮೊದಲು ಮುಟ್ಟುವುದು ಈ ಭ್ರೂಣವನ್ನು. ಮುಂಗಾರು ಒಂದೆರಡು ವಾರ ಕೈಕೊಟ್ಟರೆ ಹೊಂಡದ ಗೊದಮೊಟ್ಟೆಗಳು ಓಟದಲ್ಲಿ ಸೋಲುತ್ತವೆ. ಹೊಳೆಯ ಬದಿಯ ಮರಗಳನ್ನು ಕಡಿದರೆ ನೆರಳು ಹೋಗಿ ನೀರು ಬಿಸಿಯೇರುತ್ತದೆ, ತೇವ ಆರುತ್ತದೆ. ಕುಂಬಾರ ಕಪ್ಪೆ ಎಷ್ಟು ಮಣ್ಣು ಮೆತ್ತಿದರೂ ಪ್ರಯೋಜನವಿಲ್ಲ. ವಾಟೆಯನ್ನು ಮಿತಿಮೀರಿ ಕಡಿದರೆ ಒಂದು ಇಡೀ ಜಾತಿಯ ಮನೆಗಳೇ ಹೊರಟುಹೋಗುತ್ತವೆ. ಒಂದು ನೆಲೆಗೆ ಹೊಂದಿಕೊಂಡ ಕಪ್ಪೆ ಇನ್ನೊಂದಕ್ಕೆ ಸುಲಭವಾಗಿ ಹೊಂದಿಕೊಳ್ಳದು. ಅದರ ಜಾಣ್ಮೆಯೇ ಅದನ್ನು ಕಟ್ಟಿಹಾಕಿದೆ. ಹಿಂದೆ ಕಪ್ಪೆಯ ಕಾಲುಗಳನ್ನು ನಮ್ಮ ದೇಶದಿಂದ ಹೊರದೇಶಗಳಿಗೆ ಆಹಾರವಾಗಿ ಕಳುಹಿಸುತ್ತಿದ್ದರು. 1987ರಲ್ಲಿ ಅದನ್ನು ನಿಷೇಧಿಸಲಾಯಿತು. ಕಣ್ಣಿಗೆ ಕಾಣುವ ಬೇಟೆಯನ್ನು ಒಂದು ಆಜ್ಞೆ ತಡೆಯಬಲ್ಲದು. ನೀರಿನ, ನೆರಳಿನ ನಾಶವನ್ನು ತಡೆಯಲು ಆಜ್ಞೆಯೊಂದೇ ಸಾಲದು, ತಿಳಿವಳಿಕೆಯೂ ಬೇಕು.

ಆ ತಿಳಿವಳಿಕೆಯನ್ನು ಗಳಿಸಲು ವಿದ್ಯಾರ್ಥಿಗಳಿಗೆ ದೊಡ್ಡ ಪ್ರಯೋಗಶಾಲೆಯೇನೂ ಬೇಡ. ಒಂದು ಟಿಪ್ಪಣಿ ಪುಸ್ತಕ, ಒಂದು ಉಷ್ಣಮಾಪಕ, ಒಂದು ಟಾರ್ಚು ಇದ್ದರೆ ಸಾಕು. ಮುಂಗಾರು ತೊಡಗಿದೊಡನೆ ನಿಮ್ಮ ಊರಿನ ಒಂದು ಹೊಂಡವನ್ನು ಆರಿಸಿಕೊಳ್ಳಿ. ಮೊದಲ ಕೂಗು ಕೇಳಿದ ದಿನ, ಮೊಟ್ಟೆ ಕಂಡ ದಿನ, ನೀರಿನ ಉಷ್ಣತೆ, ಹಿಂಗಾಲು ಮೂಡಿದ ದಿನ, ಹೊಂಡ ಬತ್ತಿದ ದಿನ ಇವನ್ನು ಬರೆದಿಡಿ. ಮೊಟ್ಟೆಗಳನ್ನು ಮುಟ್ಟಬೇಡಿ, ಒಂದು ಕೆರೆಯ ಗೊದಮೊಟ್ಟೆಗಳನ್ನು ಇನ್ನೊಂದಕ್ಕೆ ಒಯ್ಯಬೇಡಿ, ಅವುಗಳೊಡನೆ ರೋಗವೂ ಹೋದೀತು. ನಾಲ್ಕಾರು ವರ್ಷ ಹೀಗೆ ಬರೆದಿಟ್ಟರೆ, ಮುಂಗಾರು ಬದಲಾಗುತ್ತಿದೆಯೆ, ಓಟದಲ್ಲಿ ಗೆಲ್ಲುವ ಗೊದಮೊಟ್ಟೆಗಳು ಕಡಿಮೆಯಾಗುತ್ತಿವೆಯೆ ಎಂಬ ಪ್ರಶ್ನೆಗೆ ನಿಮ್ಮ ಊರಿನ ಮಟ್ಟಿಗೆ ಉತ್ತರವನ್ನು ಹೇಳಬಲ್ಲವರು ನೀವೇ ಆಗುತ್ತೀರಿ. ಕತ್ತಲೆಕಾನಿನ ಕುಂಬಾರ ಬೆಳಕಿಗೆ ಬಂದುದೂ ಹೀಗೆ, ಮಳೆಯ ರಾತ್ರಿಗಳಲ್ಲಿ ಹೊಳೆಯ ಬದಿಯಲ್ಲಿ ತಾಳ್ಮೆಯಿಂದ ಕುಳಿತು ನೋಡಿದವರಿಂದ.